26 ವಾರ ಹೆರಿಗೆ ರಜೆ ಸರಿ, ಸಂಬಳ ಯಾರ ಜೇಬಿಂದ?

2025ರ ನವೆಂಬರ್ 21ಕ್ಕೆ ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನ (ಹಳೇ ಕಾರ್ಮಿಕ ಕಾನೂನುಗಳನ್ನ ಒಟ್ಟುಗೂಡಿಸಿದ ಹೊಸ ಕಾನೂನುಗಳು) ಜಾರಿಗೆ ತಂದಾಗಿಂದ ಹೆರಿಗೆ ರಜೆ ಬಗ್ಗೆ ಒಂದು ಗೊಂದಲ ಶುರುವಾಗಿದೆ. "ಇನ್ಮೇಲೆ ಸರ್ಕಾರನೇ ಆರು ತಿಂಗಳು ಸಂಬಳ ಕೊಡ್ತತಂತೆ" ಅನ್ನೋರು ಒಂದು ಕಡೆ, "ಅದೇ ಹಳೇ ಕಾನೂನು, ಬೋರ್ಡ್ ಅಷ್ಟೇ ಹೊಸದು" ಅನ್ನೋರು ಇನ್ನೊಂದು ಕಡೆ. ಇದರ ಜೊತೆಗೆ ಆಸ್ಟ್ರೇಲಿಯಾದಲ್ಲಿ 2026ರ ಜುಲೈ 1ರಿಂದ ಸರ್ಕಾರದ ದುಡ್ಡಲ್ಲಿ 26 ವಾರದ ಪೇಯ್ಡ್ ಪೇರೆಂಟಲ್ ಲೀವ್ (ಮಗು ಹುಟ್ಟಿದಾಗ ಅಪ್ಪ-ಅಮ್ಮನಿಗೆ ದುಡ್ಡು ಸಿಗೋ ರಜೆ) ಅನ್ನೋ ಸುದ್ದಿ ಬೇರೆ. ಮಗನೋ ಸೊಸೆನೋ ಅಲ್ಲಿ ಕೆಲಸದಲ್ಲಿರೋ ಮನೆಗಳು ದಾವಣಗೆರೆ ಕಡೆ ಇರೋದ್ರಿಂದ ಆ ಸುದ್ದಿನೂ ಇಲ್ಲಿಗೆ ಬಂದು ಸೇರ್ಕೊಳ್ತು, ಅಲ್ಲೂ 26, ಇಲ್ಲೂ 26, ಹಂಗಾದ್ರೆ ಎರಡೂ ಒಂದೇ ಅಂತ ಆಗ್ಬಿಡ್ತು.

ಎರಡೂ ಒಂದೇ ಅಲ್ಲ. ಅಲ್ಲಿ ದುಡ್ಡು ಸರ್ಕಾರದ ಬೊಕ್ಕಸದಿಂದ ಬರುತ್ತೆ, ಇಲ್ಲಿ ಬಹುತೇಕ ಕೆಲಸ ಕೊಟ್ಟ ಮಾಲೀಕನ ಜೇಬಿಂದ. ಎಷ್ಟು ವಾರ ಅನ್ನೋದಕ್ಕಿಂತ ಈ ವ್ಯತ್ಯಾಸನೇ ದೊಡ್ಡದು, ಯಾಕಂದ್ರೆ ಹೆಣ್ಮಕ್ಕಳಿಗೆ ಕೆಲಸ ಸಿಗುತ್ತಾ ಇಲ್ವಾ ಅನ್ನೋದು ಕೂಡ ಇದರ ಮೇಲೇ ನಿಂತಿದೆ.

ಸಂಹಿತೆ ಬಂದ್ಮೇಲೆ ಬದಲಾಗಿದ್ದೆಷ್ಟು

1961ರ ಹೆರಿಗೆ ಸೌಲಭ್ಯ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ಒಳಗೆ ಒಂದು ಅಧ್ಯಾಯ ಆಗಿ ಕೂತಿದೆ. ಒಳಗಿನ ಸರಕು ಹೆಚ್ಚುಕಮ್ಮಿ ಅದೇ. ಫ್ಯಾಕ್ಟರಿ, ಗಣಿ, ಮತ್ತೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಅಂಗಡಿ-ಸಂಸ್ಥೆಗಳಿಗೆ ಇದು ಅನ್ವಯ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ರೆ ಸಾಕು, ಮೊದಲ ಎರಡು ಮಕ್ಕಳಿಗೆ 26 ವಾರ ಪೂರ್ತಿ ಸಂಬಳದ ರಜೆ, ಮೂರನೇದಕ್ಕೆ 12 ವಾರ. 2017ರ ತಿದ್ದುಪಡಿಗೆ ಮುಂಚೆ ಎಲ್ಲಾ ಹೆರಿಗೆಗೂ 12 ವಾರನೇ ಇತ್ತು. 26ಕ್ಕೆ ಏರಿಸಿದ್ದರ ಹಿಂದಿರೋ ವೈದ್ಯಕೀಯ ಕಾರಣ ಎಲ್ಲರಿಗೂ ಗೊತ್ತಿರೋದೇ, ಕೂಸಿಗೆ ಮೊದಲ ಆರು ತಿಂಗಳು ಬರೀ ಎದೆಹಾಲು ಅಂತ ವಿಶ್ವ ಆರೋಗ್ಯ ಸಂಸ್ಥೆನೂ ಹೇಳುತ್ತೆ, ನಮ್ಮ ಅಂಗನವಾಡಿ ಟೀಚರ್ರೂ ಹೇಳ್ತಾರೆ.

ಹಂಗಾದ್ರೆ ಈ ರಜೆಯ ಸಂಬಳ ಯಾರು ಕೊಡಬೇಕು? ಕೇಂದ್ರ ಸರ್ಕಾರನೂ ಅಲ್ಲ, ರಾಜ್ಯ ಸರ್ಕಾರನೂ ಅಲ್ಲ. ಆಕೆ ಇಎಸ್ಐ (ನೌಕರರು, ಮಾಲೀಕರು ಸೇರಿ ದುಡ್ಡು ಕಟ್ಟೋ ಕಾರ್ಮಿಕರ ರಾಜ್ಯ ವಿಮೆ) ಒಳಗಿದ್ರೆ ಇಎಸ್ಐ ನಿಗಮ ಕೊಡುತ್ತೆ, ಇಲ್ಲಾಂದ್ರೆ ಮಾಲೀಕನೇ ಕೊಡಬೇಕು. ಸಂಹಿತೆ ಬಂದ್ಮೇಲೂ ಇದು ಬದಲಾಗಿಲ್ಲ. ಸರ್ಕಾರನೇ ಕೊಡ್ತತಂತೆ ಅನ್ನೋ ಮಾತು ನಿಜ ಆಗೋದು ಸರ್ಕಾರಿ ನೌಕರರಿಗೆ ಮಾತ್ರ, ಅವರಿಗೆ 180 ದಿನ ಸಂಹಿತೆಗೂ ಮುಂಚಿಂದಲೇ ಇದೆ.

ಒಂದೇ ಊರಲ್ಲಿ ಮೂರು ಬಾಣಂತನ

ಲೆಕ್ಕ ಹಾಕಿ ನೋಡಿದ್ರೆ ಇದು ಬೇಗ ಅರ್ಥ ಆಗುತ್ತೆ. ದಾವಣಗೆರೆಯ ಒಂದು ಗಾರ್ಮೆಂಟ್ಸಲ್ಲಿ ತಿಂಗಳಿಗೆ 14 ಸಾವಿರ ತಗೊಳ್ಳೋ ಟೈಲರ್ ಒಬ್ಬಾಕೆ ಇದ್ದಾಳೆ ಅನ್ಕೊಳ್ಳಿ. 21 ಸಾವಿರದೊಳಗಿನ ಸಂಬಳ, ಹಾಗಾಗಿ ಇಎಸ್ಐ. ಆಕೆ ಸಂಬಳದಲ್ಲಿ ತಿಂಗಳಿಗೆ ಶೇಕಡಾ 0.75 ಅಂದ್ರೆ 105 ರೂಪಾಯಿ ಕಟ್ಟಾಗುತ್ತೆ, ಮಾಲೀಕ ಶೇಕಡಾ 3.25 ಅಂದ್ರೆ 455 ರೂಪಾಯಿ ಹಾಕ್ತಾನೆ. ಹಿಂದಿನ ಎರಡು ಕಂತಿನ ಅವಧಿಯಲ್ಲಿ (ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು) ಒಟ್ಟು 70 ದಿನದ ವಂತಿಗೆ ಕಟ್ಟಿದ್ರೆ ಹೆರಿಗೆ ಟೈಮಲ್ಲಿ ಆರು ತಿಂಗಳ ಪೂರ್ತಿ ಸಂಬಳ, ಅಂದಾಜು 84 ಸಾವಿರ, ಇಎಸ್ಐಯಿಂದ ನೇರ ಆಕೆ ಬ್ಯಾಂಕಿಗೆ. ಮಾಲೀಕನಿಗೆ ಆ ಆರು ತಿಂಗಳು ಸಂಬಳದ ಹೊರೆ ಇಲ್ಲ.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಆ 455 ರೂಪಾಯಿ ಮಾಲೀಕ ಗಂಡಸಿಗೂ ಕಟ್ತಾನೆ, ಮದುವೆ ಆಗದ ಹುಡುಗಿಗೂ, 50 ದಾಟಿದಾಕೆಗೂ ಕಟ್ತಾನೆ. ಯಾರನ್ನ ಕೆಲಸಕ್ಕೆ ತಗೊಂಡ್ರೂ ಖರ್ಚು ಅಷ್ಟೇ ಅಂದ್ಮೇಲೆ ಹೊಸದಾಗಿ ಮದುವೆ ಆದೋಳು ಬೇಡ ಅನ್ನೋಕೆ, ದುಡ್ಡಿನ ಮಟ್ಟಿಗಾದ್ರೂ, ಕಾರಣ ಇರಲ್ಲ.

ಈಗ ಎರಡನೇ ಹೆಣ್ಮಗಳು. ಅದೇ ಊರಲ್ಲಿ 15 ಜನ ಸ್ಟಾಫ್ ಇರೋ ಒಂದು ಸಣ್ಣ ಪ್ರೈವೇಟ್ ಶಾಲೆ, ಟೀಚರ್ ಸಂಬಳ 22 ಸಾವಿರ. ಇಎಸ್ಐ ಮಿತಿ ದಾಟಿದಾಳೆ, ಹಾಗಾಗಿ ಆರು ತಿಂಗಳ ಸಂಬಳ 1 ಲಕ್ಷ 32 ಸಾವಿರ ಪೂರ್ತಿ ಮ್ಯಾನೇಜ್ಮೆಂಟ್ ತಲೆ ಮೇಲೆ. ಕ್ಲಾಸ್ ಖಾಲಿ ಬಿಡೋಕಾಗಲ್ಲ, ಬದಲಿ ಟೀಚರ್ ತಗೋಬೇಕು, ಅವರಿಗೆ 15 ಸಾವಿರ ಅಂದ್ರೂ ಇನ್ನೊಂದು 90 ಸಾವಿರ. ಅಂದ್ರೆ ಸಂಬಳ 21 ಸಾವಿರದ ಮಿತಿಗಿಂತ ತಿಂಗಳಿಗೆ ಒಂದು ಸಾವಿರ ಏರಿದ್ದಕ್ಕೆ ಮಾಲೀಕನ ಹೊಣೆ ಸೊನ್ನೆಯಿಂದ ಲಕ್ಷಕ್ಕೆ ಜಿಗಿಯಿತು. ಈ ಶಾಲೆ ಮುಂದಿನ ವರ್ಷ ಇಂಟರ್ವ್ಯೂ ಮಾಡುವಾಗ "ಮದುವೆ ಆಗಿದೆಯಾ, ಮಕ್ಕಳಿದಾವಾ" ಅಂತ ಯಾಕೆ ಕೇಳುತ್ತೆ ಅನ್ನೋದಕ್ಕೆ ಬೇರೆ ಉತ್ತರ ಹುಡುಕೋದೇ ಬೇಡ. ಹತ್ತು ತಿಂಗಳಿಗೆ ಆರ್ಡರ್ ಕೊಟ್ಟು ಬೇಸಿಗೆ ರಜೆಯಲ್ಲಿ ಬ್ರೇಕ್ ಮಾಡೋದು, ಹೊಟ್ಟೆ ಕಾಣಿಸ್ತಿದ್ದ ಹಂಗೆ "ನೀವೇ ರಿಸೈನ್ ಮಾಡಿ, ಆಮೇಲೆ ನೋಡೋಣ" ಅನ್ನೋದು, ಇವೆಲ್ಲ ಇದೇ ಬೇರಿನ ಕೊಂಬೆ. ಬಸುರಿ ಅನ್ನೋ ಕಾರಣಕ್ಕೆ ಕೆಲಸದಿಂದ ತೆಗೆಯೋದು ಕಾನೂನುಬಾಹಿರ, ನಿಜ. ಆದ್ರೆ ಕೆಲಸಕ್ಕೇ ತಗೊಳ್ಳದಿದ್ರೆ ಯಾವ ಇನ್ಸ್‌ಪೆಕ್ಟರ್ ಹತ್ರ ಹೋಗ್ತೀರಿ?

ಮೂರನೇಯಾಕೆ ಮಂಡಕ್ಕಿ ಭಟ್ಟಿಯಲ್ಲೋ, ಚಳ್ಳಕೆರೆ ಕಡೆ ಶೇಂಗಾ ಹೊಲದಲ್ಲೋ ಕೂಲಿ. ಹೆಚ್ಚು ಹೆಣ್ಮಕ್ಕಳು ಇರೋದು ಇಂಥ ಕೆಲಸದಲ್ಲೇ. ಆಕೆಗೆ ಮಾಲೀಕನೂ ಇಲ್ಲ (ಇದ್ರೂ ಹಾಜರಿ ಪುಸ್ತಕ ಇಲ್ಲ), ಇಎಸ್ಐನೂ ಇಲ್ಲ. ಕೆಲಸಕ್ಕೆ ಹೋಗದ ದಿನ ಕೂಲಿ ಇಲ್ಲ ಅಷ್ಟೇ, ಅದಕ್ಕೆ ರಜೆ ಅನ್ನೋ ಹೆಸರೂ ಇಲ್ಲ. ಆಕೆಗಿರೋದು ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ ನಗದು ನೆರವು ಮಾತ್ರ. ಮೊದಲ ಮಗುವಿಗೆ 5,000 ರೂಪಾಯಿ, ಎರಡು ಕಂತಲ್ಲಿ, 3,000 ಮತ್ತೆ 2,000. ಎರಡನೇದು ಹೆಣ್ಣಾದ್ರೆ 6,000, ಗಂಡಾದ್ರೆ ಏನೂ ಇಲ್ಲ.

5,000ವನ್ನ 26 ವಾರಕ್ಕೆ ಅಂದ್ರೆ 182 ದಿನಕ್ಕೆ ಹಂಚಿ ನೋಡಿ, ದಿನಕ್ಕೆ 27 ರೂಪಾಯಿ ಚಿಲ್ಲರೆ. ಒಂದು ಪ್ಲೇಟ್ ಬೆಣ್ಣೆ ದೋಸೆನೂ ಬರಲ್ಲ. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ, ಆ ಲೆಕ್ಕದಲ್ಲಿ 5,000 ಅಂದ್ರೆ ಎರಡು ವಾರದ ಕೂಲಿನೂ ಪೂರ್ತಿ ಆಗಲ್ಲ. ಟೀಚರಿಗೆ 26 ವಾರ, ಕೂಲಿಯಾಕೆಗೆ ಎರಡು ವಾರ. ಅದಕ್ಕೇ ಬಾಣಂತಿ ಒಂದೂವರೆ ತಿಂಗಳಿಗೇ ಕೂಸನ್ನ ಅಜ್ಜಿ ಹತ್ರ ಬಿಟ್ಟು ಕೆಲಸಕ್ಕೆ ಹೊರಟ್ರೆ ಅದನ್ನ ಅರಿವಿನ ಕೊರತೆ ಅನ್ನೋಕೆ ಬರಲ್ಲ, ಕಾಸಿನ ಕೊರತೆ ಅದು.

ಇದರಲ್ಲಿ ಕಟ್ಟಡ ಕೆಲಸದ ಹೆಣ್ಮಕ್ಕಳು ಸ್ವಲ್ಪ ವಾಸಿ. ಕಾರ್ಮಿಕ ಕಾರ್ಡ್ ಇದ್ರೆ ರಾಜ್ಯದ ಕಟ್ಟಡ ಕಾರ್ಮಿಕರ ಮಂಡಳಿ ತಾಯಿ ಲಕ್ಷ್ಮಿ ಬಾಂಡ್ ಅಂತ ಮೊದಲ ಎರಡು ಹೆರಿಗೆಗೆ 50 ಸಾವಿರ ಕೊಡುತ್ತೆ. ಆ ದುಡ್ಡು ಬರೋದು ಕಟ್ಟಡಗಳ ಮೇಲಿನ ಸೆಸ್‌ನಿಂದ. ಅಂದ್ರೆ ಯಾರೋ ಒಬ್ಬ ಮೇಸ್ತ್ರಿ ತಲೆ ಮೇಲೆ ಹೇರದೆ ಇಡೀ ಉದ್ಯಮದಿಂದ ಒಟ್ಟು ಮಾಡಿ ಕೊಡೋದು ನಮ್ಮಲ್ಲೇ ಒಂದು ಕಡೆ ಆಗ್ಲೇ ನಡೀತಿದೆ.

ಅಂಬೇಡ್ಕರ್ 1928ರಲ್ಲೇ ಎತ್ತಿದ್ದ ಪ್ರಶ್ನೆ

ಇದೇನು ಇವತ್ತಿನ ಜಗಳ ಅಲ್ಲ. 1928ರಲ್ಲಿ ಬಾಂಬೆ ವಿಧಾನ ಪರಿಷತ್ತಿನಲ್ಲಿ ಫ್ಯಾಕ್ಟರಿ ಹೆಣ್ಮಕ್ಕಳ ಹೆರಿಗೆ ಸೌಲಭ್ಯದ ಮಸೂದೆ ಚರ್ಚೆಗೆ ಬಂದಾಗ ಡಾ. ಅಂಬೇಡ್ಕರ್ ಅದನ್ನ ಬೆಂಬಲಿಸಿ ಮಾತಾಡಿದ್ರು. ತಾಯಿಗೆ ಹೆರಿಗೆ ಮುಂಚೆ, ಆಮೇಲೆ ವಿಶ್ರಾಂತಿ ಸಿಗೋದು ದೇಶದ ಹಿತ, ಹಾಗಾಗಿ ಈ ಹೊರೆಯ ದೊಡ್ಡ ಪಾಲು ಸರ್ಕಾರನೇ ಹೊರಬೇಕು ಅನ್ನೋದು ಅವರ ನಿಲುವು. ಹಂಗಂತ ಮಾಲೀಕರನ್ನೂ ಅವರು ಪೂರ್ತಿ ಬಿಟ್ಟುಕೊಡಲಿಲ್ಲ, ಆಕೆ ದುಡಿಮೆಯಿಂದ ಲಾಭ ಆಗೋದು ಅವರಿಗೂ ತಾನೇ. ಆದ್ರೆ 1929ರಲ್ಲಿ ಬಂದ ಕಾಯ್ದೆ ಹೊರೆಯನ್ನ ಮಾಲೀಕನ ಮೇಲೇ ಹಾಕ್ತು. 1961ರದ್ದೂ ಅದೇ ಹಾದಿ, 2017ರದ್ದೂ ಅದೇ, ಈಗಿನ ಸಂಹಿತೆನೂ ಅದೇ. ನೂರು ವರ್ಷ ಹತ್ರ ಬಂತು, ವಾರ ಏರ್ತಾ ಹೋಯ್ತೇ ಹೊರತು ಜೇಬು ಬದಲಾಗಲಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ನೇ ಇಸವಿಯ 183ನೇ ಒಡಂಬಡಿಕೆನೂ ಇದನ್ನೇ ಹೇಳುತ್ತೆ. ಕನಿಷ್ಠ 14 ವಾರ ರಜೆ ಇರಲಿ, ದುಡ್ಡು ಸಾಮಾಜಿಕ ವಿಮೆಯಿಂದಲೋ ಸರ್ಕಾರದ ನಿಧಿಯಿಂದಲೋ ಬರಲಿ, ಒಬ್ಬ ಮಾಲೀಕನನ್ನೇ ಹೊಣೆ ಮಾಡಬೇಡಿ ಅಂತ. ಭಾರತ ಇದಕ್ಕೆ ಸಹಿ ಹಾಕಿ ಒಪ್ಪಿಲ್ಲ. ತಮಾಷೆ ಅಂದ್ರೆ ವಾರದ ಲೆಕ್ಕದಲ್ಲಿ ನಾವು ಆ ಕನಿಷ್ಠಕ್ಕಿಂತ ಎಷ್ಟೋ ಮುಂದಿದ್ದೀವಿ, ಭಾಷಣಕ್ಕೆ ಚೆನ್ನಾಗಿರುತ್ತೆ.

ಸರ್ಕಾರಕ್ಕೆ ಈ ಸಮಸ್ಯೆ ಗೊತ್ತಿಲ್ಲ ಅಂತೇನಿಲ್ಲ. 2018ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯನೇ, 15 ಸಾವಿರದೊಳಗೆ ಸಂಬಳ ಇದ್ದು ಇಎಸ್ಐ ಇಲ್ಲದ ಹೆಣ್ಮಕ್ಕಳಿಗೆ 26 ವಾರ ರಜೆ ಕೊಟ್ಟ ಮಾಲೀಕರಿಗೆ 7 ವಾರದ ಸಂಬಳ ವಾಪಸ್ ಕೊಡೋ ಯೋಚನೆ ಇದೆ ಅಂತ ಹೇಳಿತ್ತು. ಅದೇ ವರ್ಷ ಕಂಪನಿಗಳಿಗೆ ಕೆಲಸಗಾರರನ್ನ ಒದಗಿಸೋ ಟೀಮ್‌ಲೀಸ್ ಸಂಸ್ಥೆ ಮಾಲೀಕರನ್ನ ಕೇಳಿ ಮಾಡಿದ ಸಮೀಕ್ಷೆಯಲ್ಲಿ, 2017ರ ತಿದ್ದುಪಡಿಯಿಂದ ಹತ್ತು ಕ್ಷೇತ್ರಗಳಲ್ಲಿ 11ರಿಂದ 18 ಲಕ್ಷ ಹೆಣ್ಮಕ್ಕಳು ಕೆಲಸ ಕಳ್ಕೋಬಹುದು ಅನ್ನೋ ಅಂದಾಜು ಬಂದಿತ್ತು. ಅದು ಅಂದಾಜು, ತಲೆ ಎಣಿಸಿದ್ದಲ್ಲ, ಹಾಗಾಗಿ ಅದನ್ನೇ ಹಿಡ್ಕೊಂಡು ಕಾನೂನೇ ತಪ್ಪು ಅನ್ನೋದು ಸರಿಯಲ್ಲ. ಆದ್ರೆ ಭಯ ಸುಳ್ಳಲ್ಲ. 7 ವಾರದ ಪ್ರಸ್ತಾವ ಮಾತ್ರ ಪ್ರಸ್ತಾವವಾಗೇ ಉಳೀತು.

ಇನ್ನೊಂದು ಮಾತು. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸಂಪುಟ ವರ್ಷಕ್ಕೆ 12 ದಿನ ಋತುಚಕ್ರ ರಜೆಗೆ ಒಪ್ಪಿಗೆ ಕೊಡ್ತಲ್ಲ, ಅದೂ ಇದೇ ಅಚ್ಚು. ಘೋಷಣೆ ಸರ್ಕಾರದ್ದು, ಬಿಲ್ಲು ಮಾಲೀಕನಿಗೆ.

ಆಸ್ಟ್ರೇಲಿಯಾದಲ್ಲಿ ಹೆಂಗೆ ನಡೆಯುತ್ತೆ

ಅಲ್ಲಿ ಈ ಯೋಜನೆ ಶುರುವಾಗಿದ್ದು 2011ರಲ್ಲಿ, 18 ವಾರದಿಂದ. 2023ರಲ್ಲಿ 20 ವಾರ, ಆಮೇಲೆ ವರ್ಷಕ್ಕೆ ಎರಡೆರಡು ವಾರ ಏರಿಸ್ತಾ 2026ರ ಜುಲೈಗೆ 26. ದುಡ್ಡು ತೆರಿಗೆಯದ್ದು. ಆದ್ರೆ ಸಿಗೋದು ಪೂರ್ತಿ ಸಂಬಳ ಅಲ್ಲ, ದೇಶದ ಕನಿಷ್ಠ ವೇತನದ ದರ. ಡಾಕ್ಟರ್ ಆದ್ರೂ ಅಷ್ಟೇ, ಸೂಪರ್ ಮಾರ್ಕೆಟಲ್ಲಿ ಬಿಲ್ ಹಾಕೋಳಾದ್ರೂ ಅಷ್ಟೇ, ತುಂಬಾ ಆದಾಯ ಇರೋರಿಗೆ ಸಿಗೋದೇ ಇಲ್ಲ. ಹೆರಿಗೆ ಮುಂಚಿನ 13 ತಿಂಗಳಲ್ಲಿ 10 ತಿಂಗಳು ಕೆಲಸ, ಅಷ್ಟರಲ್ಲಿ 330 ಗಂಟೆ ದುಡಿದಿರಬೇಕು, ಅಂದ್ರೆ ವಾರಕ್ಕೆ ಒಂದು ದಿನದ ಕೆಲಸದಷ್ಟು. ಸ್ವಂತ ಅಂಗಡಿ ಇಟ್ಕೊಂಡೋರು, ಹೊಲ ಮಾಡೋರು, ದಿನಗೂಲಿಯವರೂ ಇದರೊಳಗೆ ಬರ್ತಾರೆ. ಬಹಳ ದಿನದಿಂದ ಒಂದೇ ಕಡೆ ಇರೋ ನೌಕರರಿಗೆ ಸಂಬಳದ ಜೊತೆ ಮಾಲೀಕನ ಕೈಯಿಂದಲೇ ಬರುತ್ತೆ, ಆದ್ರೆ ಆ ದುಡ್ಡನ್ನ ಸರ್ಕಾರ ಮಾಲೀಕನಿಗೆ ಕಳಿಸಿರುತ್ತೆ.

ಬ್ರಿಟನ್ ಇನ್ನೊಂದು ದಾರಿ ಹಿಡಿದಿದೆ, ಅಲ್ಲಿ ಮಾಲೀಕ ಮೊದಲು ಕೊಟ್ಟು ಆಮೇಲೆ ಸರ್ಕಾರದಿಂದ ಶೇಕಡಾ 92 ವಾಪಸ್ ಪಡೀತಾನೆ, ಸಣ್ಣ ಮಾಲೀಕರಿಗೆ 2025-26ರಲ್ಲಿ ಶೇಕಡಾ 108.5, ಅಂದ್ರೆ ಕೊಟ್ಟಿದ್ದಕ್ಕಿಂತ ಸ್ವಲ್ಪ ಜಾಸ್ತಿನೇ. ಅಮೆರಿಕದ ಸುದ್ದಿ ಎತ್ತದಿರೋದೇ ವಾಸಿ, 1993ರ ಅವರ ಫೆಡರಲ್ ಕಾನೂನಲ್ಲಿ 12 ವಾರ ರಜೆ ಇದೆ, ಸಂಬಳ ಇಲ್ಲ.

ನಮ್ಮ ಪದ್ಧತಿಗೂ ಅವರದ್ದಕ್ಕೂ ಇಟ್ಟು ತೂಗಿದ್ರೆ, ನಮ್ಮದು ಕೆಲವರಿಗೆ ತುಂಬಾ ಧಾರಾಳ, ಬಹಳ ಜನಕ್ಕೆ ಶೂನ್ಯ. ಅವರದ್ದು ಎಲ್ಲರಿಗೂ ಸಾಧಾರಣ. ಬೆಂಗಳೂರಲ್ಲಿ ಲಕ್ಷ ಸಂಬಳ ಇರೋ ಹುಡುಗಿಗೆ ನಮ್ಮ ಕಾನೂನೇ ಲಾಭ, ಶೇಂಗಾ ಕೀಳೋಳಿಗೆ ಅವರದ್ದು.

ಅಪ್ಪನಿಗೆ ರಜೆ ಯಾಕೆ ಬೇಕು

ಇದನ್ನ ಕೇಳಿದ್ರೆ ನಮ್ಮ ಕಡೆ ನಗೋರೇ ಜಾಸ್ತಿ. ಮೊದಲ ಹೆರಿಗೆ ತವರಲ್ಲಿ, ಬಾಣಂತನ ತವರಲ್ಲಿ, ಮೂರನೇ ತಿಂಗಳೋ ಐದನೇ ತಿಂಗಳೋ ಕರ್ಕೊಂಡು ಬರೋದು, ಅಲ್ಲಿವರೆಗೂ ಗಂಡ ಭಾನುವಾರ ಹೋಗಿ ಕೂಸಿನ ಮುಖ ನೋಡ್ಕೊಂಡು ಬರ್ತಾನೆ, ಅವನು ರಜೆ ಹಾಕಿ ಏನ್ ಮಾಡ್ತಾನೆ ಅಂತ. ಸರ್ಕಾರಿ ನೌಕರ ಗಂಡಸರಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿಯವರಿಗೆ ಕಾನೂನಲ್ಲಿ ಏನೂ ಇಲ್ಲ, 2017ರಲ್ಲಿ ಸಂಸದರೊಬ್ಬರು ಸಂಸತ್ತಿಗೆ ತಂದ ಖಾಸಗಿ ಮಸೂದೆ ಪಾಸಾಗಲಿಲ್ಲ.

ಆದ್ರೆ ಮೇಲಿನ ಶಾಲೆಯ ಇಂಟರ್ವ್ಯೂ ನೆನಪಿಸ್ಕೊಳ್ಳಿ. ರಜೆ ಹೆಣ್ಣಿಗೆ ಮಾತ್ರ ಅಂದಾಗ, ಸಂಬಳ ಸರ್ಕಾರನೇ ಕೊಟ್ರೂ ಆರು ತಿಂಗಳು ಜನ ಇರಲ್ಲ ಅನ್ನೋ ಲೆಕ್ಕ ಹೆಣ್ಣಿನ ಮೇಲೇ ಬೀಳುತ್ತೆ. ಗಂಡಸೂ ಎರಡು ತಿಂಗಳು ಹೋಗಬಹುದು ಅಂತಾದ್ರೆ ಆ ಅಂತರ ಕಮ್ಮಿ ಆಗುತ್ತೆ. 1974ರಲ್ಲೇ ತಾಯಿ ರಜೆಯನ್ನ ತಂದೆತಾಯಿ ಇಬ್ಬರ ರಜೆ ಮಾಡಿದ ಸ್ವೀಡನ್ 480 ದಿನದಲ್ಲಿ ತಲಾ 90 ದಿನ ಇಬ್ಬರಿಗೂ ಮೀಸಲಿಟ್ಟಿದೆ, ಬಳಸದಿದ್ರೆ ಹೋಯ್ತು, ಇನ್ನೊಬ್ಬರಿಗೆ ವರ್ಗ ಆಗಲ್ಲ. ಆಸ್ಟ್ರೇಲಿಯಾದಲ್ಲೂ ಕೆಲವು ವಾರ ಹೀಗೇ ಮೀಸಲು, ಮಗುವಿಗೆ ಎರಡು ವರ್ಷ ತುಂಬೋದರೊಳಗೆ ಯಾವಾಗ ಬೇಕಾದ್ರೂ ತಗೋಬಹುದು. ನಮ್ಮ ತವರಿನ ಪದ್ಧತಿಗೆ ಇದು ಎಷ್ಟು ಹೊಂದುತ್ತೆ ನೋಡಿ. ಕಷ್ಟ ಶುರುವಾಗೋದು ಹೆರಿಗೆ ದಿನ ಅಲ್ಲ, ಆರನೇ ತಿಂಗಳಲ್ಲಿ ಆಕೆ ವಾಪಸ್ ಡ್ಯೂಟಿಗೆ ಹೋಗೋ ದಿನ. ಅಮ್ಮ ಕೆಲಸಕ್ಕೆ ಹೋದ್ಮೇಲೆ ಅಪ್ಪ ಒಂದು ತಿಂಗಳು ಮನೇಲಿರೋ ಹಾಗಿದ್ರೆ ಕೂಸಿಗೆ ರಾಗಿ ಸರಿ ರೂಢಿ ಆಗೋವರೆಗೂ ಒಬ್ಬರು ಪಕ್ಕದಲ್ಲಿರ್ತಾರೆ.

ದುಡ್ಡು ಎಲ್ಲಿಂದ ತರೋದು

ವಿರೋಧಿಸೋರ ಮೊದಲ ಪ್ರಶ್ನೆ ಇದೇ, ನ್ಯಾಯವಾದ ಪ್ರಶ್ನೆನೂ ಹೌದು. ಒರಟಾಗಿ ಲೆಕ್ಕ ಹಾಕೋಣ. ಕರ್ನಾಟಕದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಹೆರಿಗೆ. ಪ್ರತಿ ತಾಯಿಗೂ 12 ವಾರ ಅಂದ್ರೆ 84 ದಿನ, ದಿನಕ್ಕೆ 370ರ ಹಾಗೆ ಕೊಟ್ರೆ ತಲಾ 31 ಸಾವಿರ ಚಿಲ್ಲರೆ, ಒಟ್ಟು 3,100 ಕೋಟಿ. ಸರ್ಕಾರಿ ನೌಕರರು, ಇಎಸ್ಐಯವರನ್ನ ಕಳೆದ್ರೆ ಇನ್ನೂ ಕಮ್ಮಿ. ಗೃಹಲಕ್ಷ್ಮಿಗೆ ರಾಜ್ಯ ವರ್ಷಕ್ಕೆ 28 ಸಾವಿರ ಕೋಟಿ ಆಸುಪಾಸು ಇಡುತ್ತೆ, ಅದರ ಒಂಬತ್ತರಲ್ಲಿ ಒಂದು ಪಾಲು. ಸಣ್ಣ ಮೊತ್ತ ಅಲ್ಲ, ಆದ್ರೆ ಆಗದೇ ಇರೋ ಮೊತ್ತನೂ ಅಲ್ಲ. ಪಕ್ಕದ ತಮಿಳುನಾಡು ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ಬಡ ಬಾಣಂತಿಗೆ ನಗದು, ಪೌಷ್ಟಿಕ ಕಿಟ್ ಸೇರಿ 18 ಸಾವಿರದವರೆಗೂ ಕೊಡ್ತಾ ಇದೆ.

"ಗೃಹಲಕ್ಷ್ಮಿ ಇದೆಯಲ್ಲ, ಮತ್ಯಾಕೆ ಇದು" ಅನ್ನೋ ವಾದನೂ ಕೇಳಿಬರುತ್ತೆ. ಗೃಹಲಕ್ಷ್ಮಿ ಬರೋದು ರೇಷನ್ ಕಾರ್ಡಿನ ಯಜಮಾನಿಗೆ. ಕೂಡಿದ ಮನೆಯಲ್ಲಿ ಯಜಮಾನಿ ಅಂದ್ರೆ ಸಾಮಾನ್ಯವಾಗಿ ಅತ್ತೆ, ಹೆತ್ತಾಕೆ ಸೊಸೆ.

ಕಾಸು ಕೊಟ್ರೆ ಜನ ಜಾಸ್ತಿ ಹೆರ್ತಾರೆ ಅನ್ನೋ ಭಯ ಬಿಡಬಹುದು, ರಾಜ್ಯದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ನಿಂತಲ್ಲೇ ನಿಲ್ಲೋಕೆ ಬೇಕಾದ 2.1ಕ್ಕಿಂತ ಆಗ್ಲೇ ಕೆಳಗೆ ಬಂದಿದ್ದೀವಿ. ಮಾಲೀಕರನ್ನ ಪೂರ್ತಿ ಬಿಟ್ರೆ ದೊಡ್ಡ ಕಂಪನಿಗಳಿಗೆ ಪುಕ್ಕಟೆ ಲಾಭ ಅನ್ನೋ ಕಾರ್ಮಿಕ ಸಂಘಟನೆಗಳ ಮಾತಲ್ಲಿ ಮಾತ್ರ ತೂಕ ಇದೆ. ಅದಕ್ಕೆ ಉತ್ತರ ಇಎಸ್ಐ ಮಾದರಿನೇ, ಎಲ್ಲಾ ಮಾಲೀಕರೂ ಎಲ್ಲಾ ನೌಕರರ ಲೆಕ್ಕದಲ್ಲಿ ಒಂದಿಷ್ಟು ಕಟ್ಟಲಿ, ಸರ್ಕಾರ ಸ್ವಲ್ಪ ಸೇರಿಸಲಿ, 21 ಸಾವಿರದ ಆ ಗೋಡೆ ಹೆರಿಗೆ ಸೌಲಭ್ಯದ ಮಟ್ಟಿಗಾದ್ರೂ ಹೋಗಲಿ. ಹೊಸ ಸಂಹಿತೆಯಲ್ಲಿ ಹತ್ತಕ್ಕಿಂತ ಕಮ್ಮಿ ಜನ ಇರೋ ಕಡೆನೂ ಮಾಲೀಕ, ನೌಕರರು ಒಪ್ಪಿದ್ರೆ ಇಎಸ್ಐಗೆ ಸೇರಬಹುದು ಅಂತಿದೆ, ಮಂಡಿಪೇಟೆಯ ಏಳೆಂಟು ಜನರ ಅಂಗಡಿಗೆ ಇದು ನಿಜಕ್ಕೂ ಉಪಯೋಗ, ಎಷ್ಟು ಜನ ಸೇರ್ತಾರೋ ಅದು ಬೇರೆ.

ಮುಂದೆ ನೋಡಬೇಕಾದ್ದು

ಸಂಹಿತೆಯ 109ನೇ ಸೆಕ್ಷನ್ ಅಸಂಘಟಿತ ಕಾರ್ಮಿಕರಿಗೆ ಆರೋಗ್ಯ ಮತ್ತು ಹೆರಿಗೆ ಸೌಲಭ್ಯದ ಯೋಜನೆ ರೂಪಿಸೋ ಹೊಣೆಯನ್ನ ಕೇಂದ್ರಕ್ಕೆ ಕೊಟ್ಟಿದೆ. ಸರ್ಕಾರನೇ ಕೊಡ್ತತಂತೆ ಅನ್ನೋ ಮಾತಿಗೆ ಏನಾದ್ರೂ ಆಧಾರ ಇದ್ರೆ ಅದು ಇಲ್ಲೇ. ಆದ್ರೆ ಎಷ್ಟು ದುಡ್ಡು, ಎಷ್ಟು ವಾರ ಅನ್ನೋದನ್ನ ಸೆಕ್ಷನ್ ಹೇಳಲ್ಲ, ಎಲ್ಲಾ ಯೋಜನೆಗೆ ಬಿಟ್ಟಿದೆ. ಅಂಥ ಯೋಜನೆ ಬಂದಾಗ ಹೆಸರು, ಫೋಟೋ ಬಿಟ್ಟು ಮೊದಲು ನೋಡಬೇಕಾದ್ದು ಮೊತ್ತ ದಿನಗೂಲಿಗೆ ಗಂಟು ಹಾಕಿದೆಯಾ ಅಂತ. 5,000 ಅನ್ನೋ ಮೊತ್ತ 2017ರಲ್ಲೂ ಅಷ್ಟೇ ಇತ್ತು, ಈಗಲೂ ಮೊದಲ ಮಗುವಿಗೆ ಅಷ್ಟೇ ಇದೆ, 2013ರ ಆಹಾರ ಭದ್ರತಾ ಕಾಯ್ದೆ ಹೇಳಿದ್ದೇ ಕನಿಷ್ಠ 6,000. ಇನ್ನೊಂದು, ಕೂಲಿಯಾಕೆ ತಾನು ಕೆಲಸದಲ್ಲಿದ್ದೆ ಅಂತ ತೋರಿಸೋದು ಹೆಂಗೆ? ಇ-ಶ್ರಮ್ ಕಾರ್ಡ್ (ಅಸಂಘಟಿತ ಕಾರ್ಮಿಕರ ನೋಂದಣಿ ಕಾರ್ಡ್) ಸಾಕು ಅಂದ್ರೆ ಸರಿ, ಮಾಲೀಕನ ಸಹಿ ಬೇಕು ಅಂದ್ರೆ ಭಟ್ಟಿಯ ಅರ್ಧಕ್ಕರ್ಧ ಹೆಣ್ಮಕ್ಕಳು ಬಾಗಿಲಲ್ಲೇ ನಿಲ್ತಾರೆ.

ಅಲ್ಲಿವರೆಗೂ ಇರೋದನ್ನಾದ್ರೂ ಬಿಡಬಾರದು. ಮಾತೃ ವಂದನಾಕ್ಕೆ ಹೆರಿಗೆ ಆಗಿ 270 ದಿನದೊಳಗೆ ಅರ್ಜಿ ಆಗಿರಬೇಕು, ತಾಯಿ ಕಾರ್ಡ್, ಆಧಾರ್ ಲಿಂಕ್ ಆಗಿರೋ ಆಕೆಯದ್ದೇ ಬ್ಯಾಂಕ್ ಖಾತೆ ಬೇಕು, ಗಂಡನ ಖಾತೆ ನಡೆಯಲ್ಲ, ಅರ್ಜಿ ಅಂಗನವಾಡಿಯಲ್ಲೇ ಹಾಕ್ತಾರೆ. ಇಎಸ್ಐಯವರು ಬಸುರಿ ಇದ್ದಾಗಲೇ ತಮ್ಮ 70 ದಿನದ ವಂತಿಗೆ ಲೆಕ್ಕ ಸರಿಯಿದೆಯಾ ಅಂತ ಫ್ಯಾಕ್ಟರಿ ಆಫೀಸಲ್ಲಿ ಕೇಳಿ ನೋಡ್ಕೊಳ್ಳಿ, ಸಂಬಳದಲ್ಲಿ ಕಟ್ಟಾಗಿದ್ದು ನಿಗಮಕ್ಕೆ ಹೋಗಿ ಸೇರಿದೆಯಾ ಅನ್ನೋದು ಹೆರಿಗೆ ಆದ್ಮೇಲೆ ಗೊತ್ತಾದ್ರೆ ಸರಿಪಡಿಸೋಕೆ ಓಡಾಡೋರು ಯಾರು.